ಕುರುಗೋಡಿನಲ್ಲಿ ಅಂಬಿಗನ ಹೆಂಡತಿ ಬದುಕಿದ್ದಳು

“ರೀಲಿನ ಡಬ್ಬಿ ಮುಚ್ಚಳ ನಂಬಿ ಕೆಟ್ಟೆ ಅಕ್ಕ. ಪಿಚ್ಚರು ಮೊದ್ಲು ಬಳ್ಳಾರಿಯಾಗ ಆಡಬೇಕು. ಅಲ್ಲಿ ಮುಗದ ಮ್ಯಾಲ ಸಿರುಗುಪ್ಪಕ್ಕ. ಸಿರುಗುಪ್ಪದವ್ರು ನೋಡಿ ಬ್ಯಾಸರಾದ ಮ್ಯಾಲ ನಮ್ಮ ಕುರುಗೋಡಿಗೆ. ಮದುವಿ ಮನ್ಯಾಗ ಕಡೀ ಪಂಕ್ತಿಗೆ ಕುಂತವ್ರು ನಾವು, ಹೋಳಿಗಿ ಮುರುದಿರ್ತೈತಿ, ಸಾರು ತಣ್ಣಗಾಗಿರ್ತೈತಿ. ರೀಲಿನ ತುದಿಗೆ ನಂಬರ್ ಬರದ ಪಟ್ಟಿ ಇರ್ತೈತಲ್ಲ, ಅದು ನಮ್ಮಲ್ಲಿಗೆ ಬರಾದ್ರಾಗ ಹರದು ಹೋಗಿರ್ತಿತ್ತು. ಮುಚ್ಚಳದ ಮ್ಯಾಲಿನ ನಂಬರೇ ಗತಿ. ಆ ಅಂಬಿಗನ ಪಿಚ್ಚರ್ ಬಂದ ದಿನ ಬಸ್ಸು ತಡಾ ಆತು. ಹೊತ್ತು ಮುಳುಗಾಕ ಬಂದಿತ್ತು, ನೀವು ಆಗ್ಲೇ ಹೆಂಗಸರ ಗೇಟ್ ತಗದಿದ್ರಿ. ಬಿಚ್ಚಿ ನೋಡಾಕ ಪುರಸೊತ್ತಿಲ್ಲ. ಕಡೀ ಎರಡು ರೀಲು, ಹದಿಮೂರು, ಹದಿನಾಲ್ಕು, ಕೂಡಿಸಿ ದೊಡ್ಡ ಚಕ್ರಕ್ಕ ಸುತ್ತಿಬಿಟ್ಟೆ. ಎಲ್ಲೋ ದಾರ್ಯಾಗ ಮುಚ್ಚಳ ಅದಲು ಬದಲು ಆಗಿದ್ವು.

ಹೊಳಿ ಬಂತು, ಅಂಬಿಗನ ಹೆಂಡ್ತಿ ಬುತ್ತಿ ಹೊತ್ಕೊಂಡು ದೋಣಿ ಹತ್ತಿದ್ಲು, ದೋಣಿ ಮಗುಚ್ತು, ಆಕಿ ಹೋದ್ಲು. ಅವ ಒಬ್ಬನ ದಂಡ್ಯಾಗ ಕುಂತ. ಮುಗೀತು ಅನ್ಕೊಂಡೆ. ನೋಡ್ತೀನಿ, ಆಕಿ ಆಚಿ ದಂಡ್ಯಾಗ ನಿಂತು ಅವನ್ನ ಕೂಗಾಕ ಹತ್ಯಾಳ. ಸಿಟ್ಟು ಮಾಡ್ಕೊಂಡು ತವರಿಗೆ ಹೋಗುವಾಗ ಒಯ್ದಿದ್ಲಲ್ಲ, ಅದ ಗಂಟು ಕೈಯಾಗ. ಆಗ ನನಗ ತಿಳೀತು. ತವರಿಂದ ವಾಪಸ್ ಬರೋದು ಮೊದ್ಲು, ಸಾಯೋದು ಆಮ್ಯಾಲ. ನಾ ಸತ್ತಾಕಿನ್ನ ಎಬ್ಬಿಸಿ ಕರಕೊಂಡು ಬಂದಿದ್ದೆ. ಇನ್ನ ಸೋಡಾ ಬಾಟ್ಲಿ ಬೀಳ್ತಾವ ಅಂತ ಕಿಂಡಿ ಮುಚ್ಚಾಕ ಹೋದೆ. ಒಂದೂ ಬೀಳಲಿಲ್ಲ ಅಕ್ಕ. ಹೆಂಗಸರ ಕಡೀಂದ ಮೂಗು ಒರಸೋ ಸಪ್ಪಳ ಬಂತು, ಅದರ ಹಿಂದ ನಗು ಬಂತು. ಮರುದಿನ ಬಿಸಿಲಾಗ ರೀಲ್ ಹಿಡದು ನೋಡಿ ಖಾತ್ರಿ ಮಾಡ್ಕೊಂಡೆ. ಸರಿ ಮಾಡಾಕ ಬ್ಲೇಡೂ ಕೈಯಾಗ ಹಿಡಿದಿದ್ದೆ. ಮಾಡಲಿಲ್ಲ. ಮೊದಲ್ನೇ ದಿನದ್ದು ತಪ್ಪು. ಎರಡ್ನೇ ದಿನದಿಂದ ಅದು ತಪ್ಪಲ್ಲ, ನಾ ಮಾಡಿದ್ದು.”

ಇದನ್ನು ಹುಲುಗಪ್ಪ ನನಗೆ ಹೇಳಿದ್ದು ಹೋದ ವರ್ಷ ಕಾರ್ತಿಕದಲ್ಲಿ, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಹೆಂಡತಿ ಉಚ್ಚೆಂಗೆಮ್ಮನಿಗೂ ಹೇಳಿರಲಿಲ್ಲ. ನನಗೆ ಹೇಳಲು ಕಾರಣ, ಕುರುಗೋಡಿನ ಟೂರಿಂಗ್ ಟಾಕೀಸಿನಲ್ಲಿ ಅವನು ಮಷೀನು ನಡೆಸುತ್ತಿದ್ದಾಗ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು ನಾನು. ಆ ಟೆಂಟಿನಲ್ಲಿ ಕೆಲಸ ಮಾಡಿದವರಲ್ಲಿ ಈಗ ನಾವಿಬ್ಬರೇ ಉಳಿದಿದ್ದೇವೆ.

ಹುಲುಗಪ್ಪ ರಾರಾವಿಯವನು. ಹದಿನೇಳು ತುಂಬುವ ಮೊದಲೇ ಸಿರುಗುಪ್ಪಕ್ಕೆ ಬಂದು ಮರಿಬಸಪ್ಪನವರ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಮರಿಬಸಪ್ಪನವರಿಗೆ ಗಿರಣಿಯ ಜೊತೆಗೆ ಎರಡು ಟೆಂಟ್ ಟಾಕೀಸು, ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು. ಟೆಂಟಿಗೆ ಕರೆಂಟು ಕೊಡುವ ಎಂಜಿನ್ ಕೆಟ್ಟಾಗಲೆಲ್ಲ ಗಿರಣಿಯಿಂದ ಆಳನ್ನು ಕಳಿಸುತ್ತಿದ್ದರು. ಹಾಗೆ ಸಿರುಗುಪ್ಪದ ಟೆಂಟಿಗೆ ಹೋದವನು ಹುಲುಗಪ್ಪ. ಎಂಜಿನ್ ರಿಪೇರಿ ಮಾಡಿ ವಾಪಸಾಗಬೇಕಾದವನು ಮಷೀನಿನ ಪಕ್ಕ ನಿಂತೇಬಿಟ್ಟ. ಅಲ್ಲಿನ ಹಳೇ ಆಪರೇಟರ್ ಅವನಿಗೆ ಮೊದಲು ಕಸ ಗುಡಿಸಲು ಹೇಳಿದ, ಆಮೇಲೆ ರೀಲು ಸುತ್ತಲು, ಆಮೇಲೆ ಹರಿದ ಫಿಲ್ಮು ಅಂಟಿಸಲು. ಎರಡು ವರ್ಷ ಕಳೆದ ಮೇಲೆ ಮರಿಬಸಪ್ಪನವರು ಅವನನ್ನು ಕುರುಗೋಡಿನ ಟೆಂಟಿಗೆ ಹಾಕಿದರು. ನಮ್ಮ ಊರಲ್ಲಿ ಆಗ ಅವನು ಹೊಸ್ತಿಲು ದಾಟುವಂತಿಲ್ಲದ ಮನೆಗಳು ಬಹಳ ಇದ್ದವು. ಆ ಮನೆಗಳವರೆಲ್ಲ ಸಂಜೆಯಾದರೆ ಅವನು ತೋರಿಸಿದ್ದನ್ನು ನೋಡಲು ಬಂದು ಕೂರುತ್ತಿದ್ದರು. ಮಷೀನಿನ ಕೋಣೆಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. “ಬೆಂಕಿ ಐತಿ, ಒಳಗ ಬರಬ್ಯಾಡ್ರಿ” ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಅವನು ಕುರುಗೋಡಿಗೆ ಬಂದದ್ದು ಎಪ್ಪತ್ತೊಂದನೇ ಇಸವಿ ಇರಬೇಕು. ಸಿನಿಮಾ ಬದಲಾದ ಕಾಲ ಅದು. ಅದನ್ನು ನಾನು ಓದಿ ತಿಳಿದಿದ್ದಲ್ಲ, ಗೇಟಿನಲ್ಲಿ ನಿಂತು ಕೇಳಿಸಿಕೊಂಡದ್ದು. ಮೊದಲು ಹೆಂಗಸರು ಹೊರಗೆ ಬರುವಾಗ ಹಾಡು ಗುನುಗುತ್ತಾ ಬರುತ್ತಿದ್ದರು. ಆಮೇಲಾಮೇಲೆ ಕೆಲವು ಪಿಕ್ಚರುಗಳು ಬಿಟ್ಟಾಗ ಜಗಳವಾಡುತ್ತಾ ಬರತೊಡಗಿದರು. ಅವಳು ಹಾಗೆ ಮಾಡಬಾರದಿತ್ತು ಎಂದು ಒಬ್ಬಳು, ಮಾಡದೆ ಏನು ಮಾಡಬೇಕಿತ್ತು ಹೇಳು ಎಂದು ಇನ್ನೊಬ್ಬಳು. ಪಿಕ್ಚರುಗಳ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಮಾಸ್ತರ ಸೈಕಲ್ಲಿನ ಪಿಚ್ಚರು, ಬಾವಿ ತೋಡಿದವರ ಪಿಚ್ಚರು, ಅಂಬಿಗನ ಪಿಚ್ಚರು ಎಂದು ನಾವೇ ಹೆಸರಿಟ್ಟುಕೊಳ್ಳುತ್ತಿದ್ದೆವು.

ಕಾರ್ತಿಕದಲ್ಲಿ ಆ ಹೆಸರುಗಳನ್ನು ಹುಡುಕಿಕೊಂಡೇ ಬಳ್ಳಾರಿಯಿಂದ ಯಶೋಧರಾ ಹುಲುಗಪ್ಪನ ಮನೆಗೆ ಬಂದದ್ದು. ನಾನೂ ಅಲ್ಲೇ ಇದ್ದೆ. ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳು. ಎಪ್ಪತ್ತರ ದಶಕದ ಹತ್ತು ಒಳ್ಳೆಯ ಪಿಕ್ಚರುಗಳನ್ನು ಆರಿಸಿ ಕಾಲೇಜಿನ ಸಭಾಂಗಣದಲ್ಲಿ ದಿನಕ್ಕೊಂದರಂತೆ ತೋರಿಸುತ್ತಾರಂತೆ. ಬರೆದವರು, ಓದಿದವರು ಮಾಡಿದ ಪಟ್ಟಿಗಳು ಬೇಕಾದಷ್ಟಿವೆ, ಕೈಯಾರೆ ತೋರಿಸಿದವರು ಮಾಡಿದ ಪಟ್ಟಿ ಬೇಕು ಎಂದಳು.

“ಒಳ್ಳೇದು ಯಾವುದು ಅಂತ ಹೆಂಗ ಗೊತ್ತಾಗ್ತಿತ್ತು ತಾತ?” ಎಂದು ಕೇಳಿದಳು.

“ಹೊಗಿ ನೋಡ್ತಿದ್ದೆ ಮೇಡಮ್ಮಾರ,” ಎಂದ ಹುಲುಗಪ್ಪ.

“ಹೊಗಿ ಅಂದ್ರ?”

“ಮಷೀನಿಂದ ಬೆಳಕಿನ ಕೋಲು ಹೋಗ್ತೈತಲ್ರಿ ತೆರಿ ಕಡಿಗೆ. ಗಂಡಸರು ಬೀಡಿ ಸೇದಿದ್ದೆಲ್ಲ ಅದರಾಗ ಕಾಣ್ತೈತಿ. ಪಿಚ್ಚರು ಸಪ್ಪಗಿತ್ತು ಅಂದ್ರ ಒಲಿ ಹಚ್ಚಿದ ಮನಿ ಇದ್ದಂಗ ಹೊಗಿ. ಚಲೋ ಇತ್ತು ಅಂದ್ರ ಬೀಡಿ ಹಚ್ಚೋದ ಮರೀತಾರ. ಕೋಲು ಸ್ವಚ್ಛ ಆಗ್ತೈತಿ.”

ಯಶೋಧರಾ ಪುಸ್ತಕ ತೆಗೆದು ಬರೆದುಕೊಂಡಳು. ಉಚ್ಚೆಂಗೆಮ್ಮ ಒಳಗಿನಿಂದಲೇ, “ತಾನೂ ಸೇದ್ತಿದ್ದ, ಅದನ್ನೂ ಬರ್ಕೋವ್ವ,” ಎಂದಳು.

“ಆ ಹತ್ತು ವರ್ಷದಾಗ ಏನು ಬದಲಾತು ಅನ್ನಿಸ್ತೈತಿ?”

ಹುಲುಗಪ್ಪ ತನ್ನ ಅಂಗಿಯ ತುದಿ ಹಿಡಿದು ತೋರಿಸಿದ. “ಮೊದ್ಲೂ ಪಿಚ್ಚರ್‌ನಾಗ ಬಡವ್ರು ಇರ್ತಿದ್ರು. ಆದ್ರ ಅವ್ರ ಅಂಗಿ ಇಸ್ತ್ರಿ ಆಗಿರ್ತಿತ್ತು. ಆ ವರ್ಷಗಳಾಗ ಇಸ್ತ್ರಿ ಹೋತು. ಒಂದ್ ಕಡಿ ಕಲರು ಬಂತು, ಇನ್ನೊಂದ್ ಕಡಿ ಮುಖಕ್ಕ ಪೌಡರ್ ಬಡಿಯೋದು ಬಿಟ್ರು. ನಮ್ಮ ರಾರಾವಿ ಹೊಳಿದಂಡಿ ಇದ್ದಂಗ ಹೊಳಿದಂಡಿ, ನಮ್ಮ ಕೇರಿ ಇದ್ದಂಗ ಕೇರಿ. ಮೊದ್ಲ ಜನ ನಕ್ಕರು. ಇದನ್ನ ನೋಡಾಕ ಟಿಕೆಟ್ ಯಾಕ, ಹೊರಗ ನಿಂತ್ರ ಕಾಣ್ತೈತಿ ಅಂದ್ರು. ಎರಡ್ನೇ ರೀಲಿಗೆ ಸುಮ್ಮನಾದ್ರು.”

ಹೀಗೆ ಮಾತಾಡುತ್ತಾ ಒಂಬತ್ತು ಪಿಕ್ಚರು ಹೇಳಿದ. ಹೆಸರು ನೆನಪಿಲ್ಲದ್ದಕ್ಕೆ ಕಥೆ ಹೇಳಿದ, ಅವಳು ಹೆಸರು ಹುಡುಕಿ ಬರೆದುಕೊಂಡಳು. ಒಂಬತ್ತಾದ ಮೇಲೆ, “ಸಾಕ್ರಿ,” ಎಂದ.

“ಹತ್ತು ಬೇಕಲ್ಲ ತಾತ.”

“ಒಂಬತ್ತಕ್ಕ ಏನಾಗೈತಿ.”

ಅಷ್ಟರಲ್ಲಿ ಓಣಿಯಲ್ಲಿ ಹೋಗುತ್ತಿದ್ದ ಪ್ರಭುಲಿಂಗ ನಿಂತುಕೊಂಡ. ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ ಇಟ್ಟಿರುವವನು, ಕುರುಗೋಡಿನ ವಿಷಯ ಬಂದರೆ ಮಾತು ನಿಲ್ಲಿಸುವವನಲ್ಲ. “ಏನೋ ಹುಲುಗಪ್ಪ, ಅಂಬಿಗನ ಪಿಚ್ಚರು ಬಿಟ್ಟಿಯಲ್ಲೋ. ಬಳ್ಳಾರಿಯಾಗ ನಾಲ್ಕು ದಿನಕ್ಕ ಎತ್ತಿದ್ರು, ನಮ್ಮೂರಾಗ ಐದು ವಾರ ಓಡೇತಿ. ಬರ್ಕೊಳ್ರಿ ಮೇಡಂ. ನಮ್ಮ ಚನ್ನವೀರಕ್ಕ ಐದು ಸಲ ನೋಡ್ಯಾಳ.”

ಯಶೋಧರಾಳ ಮುಖ ಅರಳಿತು. ಆ ಪಿಕ್ಚರು ಎಷ್ಟೋ ವರ್ಷ ಎಲ್ಲೂ ಸಿಕ್ಕಿರಲಿಲ್ಲವಂತೆ. ಈಗ ಒಂದು ಪ್ರತಿ ಸಿಕ್ಕಿ, ಅದನ್ನು ತೊಳೆದು ಕಂಪ್ಯೂಟರಿಗೆ ಏರಿಸಿದ್ದಾರಂತೆ. ಅದು ಹತ್ತನೆಯದಾಯಿತು.

ಅವತ್ತು ಸಂಜೆಯೇ ಹುಲುಗಪ್ಪ ನಮ್ಮ ಕಟ್ಟೆಗೆ ಬಂದು ನಾನು ಮೊದಲಿಗೆ ಬರೆದ ಆ ಮಾತು ಹೇಳಿದ್ದು. ಅಷ್ಟೇ ಅಲ್ಲ. ಆ ಪಿಕ್ಚರಿನ ಕೊನೆಗೆ ‘ಶುಭಂ’ ಎಂದು ಬರುತ್ತಿರಲಿಲ್ಲ. ಹೊಸ ರೀತಿಯ ಪಿಕ್ಚರುಗಳಲ್ಲಿ ಅದನ್ನು ಹಾಕುವುದು ಬಿಟ್ಟಿದ್ದರು. ಜನ ಮುಗಿಯಿತೋ ಇಲ್ಲವೋ ತಿಳಿಯದೆ ಕೂತೇ ಇರುತ್ತಿದ್ದರು. ಹುಲುಗಪ್ಪನ ಹತ್ತಿರ ಹಳೆಯ ದೇವರ ಪಿಕ್ಚರೊಂದರಿಂದ ಹರಿದುಬಿದ್ದ ಬಣ್ಣದ ‘ಶುಭಂ’ ಒಂದು ತುಂಡಿತ್ತು, ತಾವರೆ ಹೂವಿನ ಮೇಲೆ ಬರೆದದ್ದು. ಎರಡನೇ ದಿನ ಅದನ್ನು ತಂದು, ಅವಳು ವಾಪಸ್ ಬಂದ ಮೇಲೆ ಗಂಡ ಹೆಂಡತಿ ಕೂತು ಉಣ್ಣುವ ರೀಲಿನ ಬಾಲಕ್ಕೆ ಅಂಟಿಸಿದ. ಕಪ್ಪು ಬಿಳುಪಿನ ಪಿಕ್ಚರಿಗೆ ಕೆಂಪು ತಾವರೆ. ಊರಿಗೆ ಅದು ಬಹಳ ಹಿಡಿಸಿತು. ಮುಳುಗಿದವಳು ಹೇಗೆ ಬದುಕಿದಳು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಹತ್ತು ಜನ ಇದ್ದರು. ಕೆಳಗಿನ ಊರಿನವರು ಎತ್ತಿರಬೇಕು. ತವರಿಗೆ ಮುಟ್ಟಿಸಿರಬೇಕು. ಸೀರೆ ಒಣಗಿದೆಯಲ್ಲ ಎಂದರೆ, ತವರಿನಲ್ಲಿ ಬೇರೆ ಸೀರೆ ಇರುವುದಿಲ್ಲವೇನು. ಪ್ರಿಂಟು ವಾಪಸ್ ಕಳಿಸುವಾಗ ತಾವರೆ ಕಿತ್ತು, ರೀಲು ಬಿಡಿಸಿ, ಮುಚ್ಚಳ ಸರಿಮಾಡಿ ಕಳಿಸಿದ. ಯಾರಿಗೂ ಗೊತ್ತಾಗಲಿಲ್ಲ.

ಅವನ ಚಿಂತೆ ಊರಿನದಲ್ಲ, ಚನ್ನವೀರಮ್ಮನದು. ಪ್ರಭುಲಿಂಗನ ಅಕ್ಕ. ಸಿರುಗುಪ್ಪಕ್ಕೆ ಕೊಟ್ಟಿದ್ದರು. ಗಂಡನ ಜೊತೆ ಮಾತಿಗೆ ಮಾತು ಬೆಳೆದು, ಆ ವರ್ಷ ಗಂಟು ಕಟ್ಟಿಕೊಂಡು ತವರಿಗೆ ಬಂದು ಏಳು ತಿಂಗಳಾಗಿತ್ತು. ಎರಡೂ ಕಡೆಯ ಹಿರಿಯರು ಹೇಳಿದರೂ ಹೋಗಿರಲಿಲ್ಲ. ಐದು ವಾರದಲ್ಲಿ ಐದು ಸಲ ಅಂಬಿಗನ ಪಿಕ್ಚರು ನೋಡಿದಳು. ಪ್ರತಿ ಸಲ ಗೇಟಿನಲ್ಲಿ ನನ್ನನ್ನು ಕೇಳುತ್ತಿದ್ದಳು, “ಇವತ್ತೂ ಬರ್ತಾಳಲ್ಲ ಆಕಿ?” ಆರನೇ ವಾರ ಸಿರುಗುಪ್ಪದ ಬಸ್ಸು ಹತ್ತಿದಳು. ಯಾರೂ ಕಳಿಸಲಿಲ್ಲ, ತಾನೇ ಹೋದಳು. ನಲವತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿದಳು. ಗಂಡ ತೀರಿಕೊಂಡು ಆರು ವರ್ಷ. ಆಮೇಲೆ ತಮ್ಮನ ಮನೆಗೆ ಬಂದಿದ್ದಾಳೆ.

“ಆ ಅವ್ವಾರ ಬಾಳೇವು ನನ್ನ ತಪ್ಪಿನ ಮ್ಯಾಲ ನಿಂತೈತಿ ಅಕ್ಕ,” ಎಂದ ಹುಲುಗಪ್ಪ. “ಈಗ ಬಳ್ಳಾರಿಗೆ ಹೋಗಿ ಖರೇದು ನೋಡಿದ್ರ ನನ್ನ ಮುಖದಾಗ ಏನು ನೋಡ್ತಾರ? ಮೋಸ ಮಾಡಿದೆ ಅಂತಾರ.”

“ಹೋಗೋಕಿಂತ ಮೊದ್ಲ ನೀನ ಹೇಳಿಬಿಡು,” ಎಂದೆ.

ಹೇಳಲು ಎರಡು ಸಲ ಹೋದ. ಮೊದಲ ಸಲ ಚನ್ನವೀರಮ್ಮ ಚಹಾ ಕೊಟ್ಟು, ಬಳ್ಳಾರಿಗೆ ಯಾವ ಸೀರೆ ಉಡಲಿ ಎಂದು ಕೇಳಿದಳಂತೆ. ಎರಡನೇ ಸಲ ಅಂಬಿಗನ ಹೆಂಡತಿ ಆಚೆ ದಡದಿಂದ ಕೂಗುವ ರೀತಿಯನ್ನು ಕೂಗಿಯೇ ತೋರಿಸಿದಳಂತೆ. ಹಾಗೇ ಎದ್ದು ಬಂದ. ಇದರ ನಡುವೆ ಆಮಂತ್ರಣದ ಹಾಳೆ ಬಂತು. ಅದರಲ್ಲಿ ಅವನ ಫೋಟೋ, ಕೆಳಗೆ ‘ಇಪ್ಪತ್ತೆರಡು ವರ್ಷ ಒಂದೂ ತಪ್ಪಿಲ್ಲದೆ ಚಿತ್ರ ತೋರಿಸಿದ ಆಪರೇಟರ್’ ಎಂದು ಅಚ್ಚಾಗಿತ್ತು. ಆ ಮಾತು ಬರೆಸಿದವನು ಪ್ರಭುಲಿಂಗ.

ಪುಷ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಎರಡು ಕ್ರೂಸರ್ ಗಾಡಿ ಮಾಡಿಕೊಂಡು ಇಪ್ಪತ್ತೈದು ಜನ ಬಳ್ಳಾರಿಗೆ ಹೋದೆವು. ಕೋಟೆ ಗುಡ್ಡ ಕಾಣುವ ಹೊತ್ತಿಗೆ ಹೆಂಗಸರೆಲ್ಲ ಅಂಬಿಗನ ಕಥೆಯನ್ನು ಹಿಂದಿನಿಂದ ಮುಂದಕ್ಕೆ ಹೇಳಿ ಮುಗಿಸಿದ್ದರು. ಹುಲುಗಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಸಭಾಂಗಣದಲ್ಲಿ ಮೊದಲು ಅವನಿಗೆ ಶಾಲು ಹೊದಿಸಿದರು. ಯಶೋಧರಾ ಹಾಳೆಯ ಮೇಲಿನ ಮಾತನ್ನೇ ಓದಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಮಾತಾಡಿ ಎಂದರೆ ಕೈ ಮುಗಿದು ಬಂದು ನನ್ನ ಪಕ್ಕ ಕೂತ.

ಪಿಕ್ಚರು ಶುರುವಾಯಿತು. ಎಷ್ಟು ಚೊಕ್ಕಟವಾಗಿತ್ತೆಂದರೆ, ಹೊಳೆಯ ಮರಳಿನ ಕಾಳು ಕಾಳು ಕಾಣುತ್ತಿತ್ತು. ನಮ್ಮ ಟೆಂಟಿನಲ್ಲಿ ಇಡೀ ಪಿಕ್ಚರಿಗೆ ಮಳೆ ಬಿದ್ದಂತೆ ಗೀಟು ಬೀಳುತ್ತಿದ್ದವು. ಗಂಡ ಹೆಂಡತಿ ಜಗಳವಾಡಿದರು, ಅವಳು ಗಂಟು ಹೊತ್ತು ತವರಿಗೆ ಹೋದಳು. ಆಮೇಲೆ ಆಚೆ ದಡದಲ್ಲಿ ನಿಂತು ಕೂಗಿದಳು. ಅವನು ಹುಟ್ಟು ಹಾಕಿಕೊಂಡು ಹೋಗಿ ಕರೆತಂದ. ಇಬ್ಬರೂ ಕೂತು ಉಂಡರು. ನಮ್ಮವರಲ್ಲಿ ಗುಸುಗುಸು ಎದ್ದಿತು. “ಲಗೂ ಬಂದ್ಲಲ್ಲ, ಇನ್ನ ಮುಳುಗೇ ಇಲ್ಲ,” ಎಂದಳು ಒಬ್ಬಳು. ಮುಂದೆ ಹೊಳೆ ಬಂತು. ದೋಣಿ ಮಗುಚಿತು. ಅಂಬಿಗ ಒಬ್ಬನೇ ದಂಡೆಯಲ್ಲಿ ಕೂತ. ತೆರೆ ಕಪ್ಪಾಯಿತು, ದೀಪ ಹತ್ತಿದವು.

ಬಳ್ಳಾರಿಯವರು ಏಳತೊಡಗಿದರು. ಕುರುಗೋಡಿನವರು ಏಳಲಿಲ್ಲ.

“ಮೇಡಂ, ಇನ್ನೊಂದು ರೀಲು ಐತಿ,” ಎಂದ ಪ್ರಭುಲಿಂಗ.

“ಇಲ್ರಿ, ಇಷ್ಟ,” ಎಂದಳು ಯಶೋಧರಾ.

“ಇಷ್ಟ ಹೆಂಗ? ತಾವರಿ ಎಲ್ಲೈತಿ? ಬಣ್ಣದ ಶುಭಂ ಬರಬೇಕಲ್ಲ.”

“ಹೊಳಿ ಬರೋದು ಮೊದ್ಲ,” ಎಂದು ಹೆಂಗಸರು ಕೂಡಿಸಿದರು. “ಉಣ್ಣೋದು ಕಡೀಕ. ನಾವೇನು ಕನಸು ಕಂಡೇವೇನು?”

ಯಶೋಧರಾ ಗಾಬರಿಯಾದಳು. ಆ ಪ್ರತಿಯನ್ನು ತಾನೇ ತರಿಸಿದ್ದು, ಏನಾದರೂ ಏರುಪೇರಾಗಿದೆಯೋ ಎಂದು ಅವಳಿಗೇ ಅನುಮಾನ ಬಂತು. “ತಪ್ಪು ನಮ್ಮದ ಇರಬಹುದ್ರಿ, ವಿಚಾರಿಸ್ತೀನಿ,” ಎಂದಳು.

ಪ್ರಭುಲಿಂಗ ಎಲ್ಲರಿಗೂ ಕೇಳುವಂತೆ ನಕ್ಕ. “ಓದಿದ್ದು ಹೆಚ್ಚಾದ್ರ ಹಿಂಗ. ಹಿಂದಿನ್ದು ಮುಂದ, ಮುಂದಿನ್ದು ಹಿಂದ. ಮೇಡಂ, ನಿಮಗ ಬರಲಿಲ್ಲಂದ್ರ ನಮ್ಮ ಹುಲುಗಪ್ಪನ್ನ ಕೇಳಬೇಕಿತ್ತು. ಇಪ್ಪತ್ತೆರಡು ವರ್ಷ ಒಂದು ರೀಲು ತಪ್ಪಿಲ್ಲ ಅವ.”

ಆ ಹೆಣ್ಣುಮಗಳ ಕಣ್ಣಲ್ಲಿ ನೀರು ತುಂಬಿತು. ಹುಲುಗಪ್ಪ ಎದ್ದು ನಿಂತ. ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟ.

“ಆಕಿದು ತಪ್ಪಿಲ್ಲ,” ಎಂದ. “ಪಿಚ್ಚರು ಇರೋದ ಹಿಂಗ. ನಿಮಗ ತಪ್ಪು ತೋರಿಸಿದಾವ ನಾನು. ಮೊದಲ್ನೇ ದಿನ ಮುಚ್ಚಳ ಅದಲು ಬದಲಾಗಿ ಗೊತ್ತಿಲ್ಲದ ಹಾಕಿದೆ. ಆಮ್ಯಾಲ ಗೊತ್ತಿದ್ದೂ ಹಾಕಿದೆ. ತಾವರಿ ಬ್ಯಾರೆ ಪಿಚ್ಚರಿಂದು, ನಾನ ಅಂಟಿಸಿದ್ದೆ.”

ಹುಲುಗಪ್ಪ ಚನ್ನವೀರಮ್ಮನ ಕಡೆ ತಿರುಗಿದ. “ಅವ್ವಾರ, ಹೇಳಾಕ ಎರಡು ಸಲ ಬಂದಿದ್ದೆ.”

“ಚಾ ಕುಡುದು ಹೋದಿ,” ಎಂದಳು ಚನ್ನವೀರಮ್ಮ. ಬೋಳಾದ ತೆರೆಯ ಕಡೆಗೇ ನೋಡುತ್ತಿದ್ದಳು. ಆಮೇಲೆ ಅವನ ಕಡೆ ತಿರುಗಿ, “ಗೊತ್ತಿದ್ದೂ ಯಾಕ ಹಾಕಿದಿ?” ಎಂದು ಕೇಳಿದಳು.

“ಮೊದಲ್ನೇ ದಿನ ಬೆಳಕು ಸ್ವಚ್ಛ ಇತ್ರಿ. ಒಬ್ರೂ ಬೀಡಿ ಹಚ್ಚಲಿಲ್ಲ. ಬದಲ್ಸಾಕ ಮನಸಾಗಲಿಲ್ಲ.”

ಚನ್ನವೀರಮ್ಮ ತಲೆಯಾಡಿಸಿದಳು. “ಈಗ ನೋಡಿದ್ದು ಖರೇ ಐತಿ ಹುಲುಗಪ್ಪ. ಬಂದ್ಲು, ಉಂಡ್ರು, ಆಮ್ಯಾಲ ಒಬ್ರು ಹೋದ್ರು, ಒಬ್ರು ಕುಂತ್ರು. ನಮ್ಮ ಮನ್ಯಾಗೂ ಹಂಗ ಆತು. ಪಿಚ್ಚರು ತಗದಾವ ತಿಳುವಳಿಕಿ ಇದ್ದಾವ. ಆದ್ರ ಆ ವರ್ಷ ನೀ ಇದನ್ನ ಹಾಕಿದ್ದಿ ಅಂದ್ರ ನಾ ಸಿರುಗುಪ್ಪದ ಬಸ್ಸು ಹತ್ತತಿರಲಿಲ್ಲ. ಹೋಗಿ ಏನು ಮಾಡೋದು, ಹೆಂಗೂ ಮುಳುಗೋದ ಐತಿ ಅಂತ ಕುಂದರ್ತಿದ್ದೆ. ನಡುವಿನ ನಲವತ್ತು ವರ್ಷ ಯಾರು ಕೊಡ್ತಿದ್ರು?”

ಹುಲುಗಪ್ಪ ಕೂತುಬಿಟ್ಟ. ಯಾರೋ ಒಬ್ಬರು, ಹಾಗಾದರೆ ನಮ್ಮ ಕುರುಗೋಡಿನ ರೀತಿಯಲ್ಲಿ ಇನ್ನೊಂದು ಸಲ ಹಾಕಲಿ, ಕಂಪ್ಯೂಟರಿನಲ್ಲಿ ಆಗುತ್ತದಲ್ಲ ಎಂದರು. “ಬ್ಯಾಡ,” ಎಂದಳು ಚನ್ನವೀರಮ್ಮ, “ಹಸಿವಿ ಆಗೇತಿ.” ಆಗ ಎಲ್ಲರೂ ನಕ್ಕು ಎದ್ದರು.

ಯಶೋಧರಾ ಶಾಲು ಎತ್ತಿಕೊಂಡು ಬಂದು ಮತ್ತೆ ಹೊದಿಸಿದಳು. “ಇದು ಇರಲಿ ತಾತ. ಹಾಳ್ಯಾಗಿನ ಆ ಒಂದು ಸಾಲು ಮಾತ್ರ ತಗೀತೀನಿ.”

ವಾಪಸ್ ಬರುವಾಗ ಪ್ರಭುಲಿಂಗ ಬೇರೆ ಗಾಡಿಯಲ್ಲಿ ಕೂತ. ಐವತ್ತು ವರ್ಷ ಮಕ್ಕಳಿಗೆ ಮೊಮ್ಮಕ್ಕಳಿಗೆ ತಪ್ಪು ಕಥೆ ಹೇಳಿಸಿದನಲ್ಲ ಎಂದು ಅವನ ಸಿಟ್ಟು. ಈಗಲೂ ಹುಲುಗಪ್ಪನನ್ನು ಕಂಡರೆ ಅರ್ಧ ಮಾತಾಡುತ್ತಾನೆ, ಪೂರ್ತಿ ಆಡುವುದಿಲ್ಲ. ಇನ್ನು ಕೆಲವರು ಒಪ್ಪಿಯೇ ಇಲ್ಲ. ಅಂಬಿಗನ ಹೆಂಡತಿ ಬದುಕಿದ್ದೇ ನಿಜ, ಬಳ್ಳಾರಿಯವರದೇ ತಪ್ಪು, ಹುಲುಗಪ್ಪ ಆ ಮೇಡಮ್ಮನ ಮಾನ ಉಳಿಸಲು ತನ್ನ ಮೇಲೆ ಹಾಕಿಕೊಂಡ ಎನ್ನುತ್ತಾರೆ. ಅವನು ಇಲ್ಲ ಎನ್ನುತ್ತಾನೆ, ಅವರು ಕೇಳುವುದಿಲ್ಲ.

ಬಳ್ಳಾರಿಯಿಂದ ಬಂದ ಮರುದಿನ ಬೆಳಿಗ್ಗೆ ನಮ್ಮ ಓಣಿಗೆ ಎಂಟು ದಿನದ ಮೇಲೆ ನಲ್ಲಿ ನೀರು ಬಂತು. ನಾನು ಎದ್ದು ಬರುವಷ್ಟರಲ್ಲಿ ಹುಲುಗಪ್ಪ ತನ್ನ ಮನೆ ಮುಂದೆ ಲುಂಗಿ ಎತ್ತಿ ಕಟ್ಟಿ, ಪೈಪು ಹಿಡಿದು ನಿಂತಿದ್ದ.

“ನನಗ ಒಂದು ಮಾತು ಹೇಳಲಿಲ್ಲ ನೋಡ್ರಿ ಯಕ್ಕ,” ಎಂದಳು ಉಚ್ಚೆಂಗೆಮ್ಮ ನನ್ನ ಕಡೆ ತಿರುಗಿ. “ಹಾಸಿಗ್ಯಾಗ ಮಗ್ಗಲಿಗೆ ಮಲಗಿದಾಕಿಗೆ ಹೇಳಿಲ್ಲ. ಇನ್ನ ಎಷ್ಟು ಪಿಚ್ಚರು ಹಿಂದು ಮುಂದು ಮಾಡ್ಯಾನೋ.”

“ಅದೊಂದ,” ಎಂದ ಹುಲುಗಪ್ಪ.

“ಡ್ರಮ್ಮು ತುಂಬಿ ಚಲ್ಲಾಕ ಹತ್ತೇತಿ, ಇಲ್ಲಿ ನೋಡು.”

ಅವನು ಪೈಪನ್ನು ಡ್ರಮ್ಮಿನಿಂದ ತೆಗೆದು, ಬೆರಳಿನಿಂದ ಬಾಯಿ ಅದುಮಿ ಹಿಡಿದು, ಅವಳು ಮುಂದಿಟ್ಟ ಕೊಡಕ್ಕೆ ಬಿಟ್ಟ. ಕೊಡ ತುಂಬಿತು. ಅವಳು ಅದನ್ನು ಸರಿಸಿ ಇನ್ನೊಂದು ಇಟ್ಟಳು.